ಗುಂಡುತೋಪಿನ ಫಸಲೂ ಕಾವಲೂ ಊರಿನದೇ ಆಗಲಿ



ಸುಂಕದಕಟ್ಟೆ ದಾಟಿ ಮಾಗಡಿ ರಸ್ತೆ ಹಿಡಿದು ಹೋದರೆ ರಾಗಿ ಬೆಳೆಯುವ ಬೆದ್ದಲು ಸೀಮೆ. ಹೆಗ್ಗನಹಳ್ಳಿಯಲ್ಲಿರುವ ನಮ್ಮಲ್ಲಿ ಅನೇಕರ ಹಿರಿಯರು, ಹೊಲ, ಮನೆದೇವರು ಇನ್ನೂ ಆ ಸೀಮೆಯ ಊರುಗಳಲ್ಲೇ ಇರುವುದು. ಆ ಊರುಗಳ ಗುಂಡುತೋಪುಗಳಿಗಾಗಿ ಈ ಕರಪತ್ರ. ಮಾವು, ಹುಣಸೆ, ನೇರಳೆ, ಹೊಂಗೆ ತುಂಬಿದ ತೋಪು ದಾಖಲೆಯಲ್ಲಿ ಸರ್ಕಾರದ್ದು, ಬಳಕೆಯಲ್ಲಿ ಊರಿನದು. ಹಣ್ಣಿನ ಫಸಲು ಹರಾಜಾಗುತ್ತಿತ್ತು. ಹೊಂಗೆ ಸೊಪ್ಪು ಹೊಲಕ್ಕೆ, ಪುರಲೆ ಒಲೆಗೆ, ನೆರಳು ದನಕರುಗಳಿಗೆ. ಮಳೆ ಕೈಕೊಟ್ಟು ರಾಗಿ ಒಣಗಿದ ವರ್ಷವೂ ಆಳಕ್ಕೆ ಬೇರಿಳಿಸಿದ ಹುಣಸೆ ಕೈಬಿಡುವುದು ಕಡಿಮೆ. ನಮ್ಮ ವಾದ ಇಷ್ಟೇ: ಫಸಲಿನಲ್ಲಿ ಪಾಲಿದ್ದ ಊರು ಮರ ಕಾಯುತ್ತದೆ, ಆದ್ದರಿಂದ ತೋಪಿನ ಹಕ್ಕೂ ಹೊಣೆಯೂ ಗ್ರಾಮಸಭೆಗೆ ಸೇರಬೇಕು.

ಊರನ್ನು ಕೇಳದೆ ನೆಟ್ಟರೆ ಏನಾಗುತ್ತದೆಂದು 1980ರ ದಶಕ ತೋರಿಸಿತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಂದ ನೀಲಗಿರಿಯ ಸೊಪ್ಪನ್ನು ದನ ಮೂಸಲಿಲ್ಲ, ಅದರ ಮಗ್ಗುಲ ರಾಗಿ ಸೊರಗಿತು, ಮರ ಕಾರ್ಖಾನೆ ಸೇರಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲೇ ಹುಣಸೆ, ಮಾವಿನ ಬೀಜ ಹಾಕಿದರು. ಅವರು ಮರದ ವೈರಿಗಳಾಗಿರಲಿಲ್ಲ. ತಮಗೆ ಬೇಕಾದ ಮರ ಯಾವುದೆಂದು ಅವರಿಗೆ ಗೊತ್ತಿತ್ತು. ಬೇಕಾದ ಮರ ಬೆಳೆಸಲು ದುಡಿಮೆಯೂ ಬೇಕು: ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಆಲದ ಸಾಲು ಎಬ್ಬಿಸಿದರು. ಅವರನ್ನು ಗೌರವಿಸುವುದೆಂದರೆ ಅಷ್ಟು ದುಡಿಮೆಯನ್ನು ಇನ್ನೊಂದು ಬಡ ಸಂಸಾರದ ಹೆಗಲಿಗೆ ಬಿಡದೆ ಊರೇ ಪಾಳಿ ಹಾಕಿಕೊಳ್ಳುವುದು.

‘ಎಲ್ಲರ ಸ್ವತ್ತು ಯಾರ ಸ್ವತ್ತೂ ಅಲ್ಲ, ಕಡಿದು ಮಾರುತ್ತಾರೆ’ ಎನ್ನುವವರಿದ್ದಾರೆ. ಕಳ್ಳತನ ನಡೆದದ್ದುಂಟು. ಆದರೆ ಬೆಂಗಳೂರಿನ ಸುತ್ತ ತೋಪುಗಳನ್ನು ನುಂಗಿದ್ದು ಕೊಡಲಿ ಹಿಡಿದ ಬಡವರಿಗಿಂತ ಹೆಚ್ಚಾಗಿ ಬಡಾವಣೆ, ಕಟ್ಟಡ, ರಸ್ತೆ, ಒತ್ತುವರಿ. ಬೇಡವೆನ್ನುವ ಅಧಿಕಾರ ಊರಿಗಿರಲಿಲ್ಲ. ಆ ಅಧಿಕಾರಕ್ಕಾಗಿ ಹೊಸ ಕಾನೂನು ಬರಲಿ ಎಂದು ಕಾಯಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದೇ ಕಾಯ್ದೆಯಡಿ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಊರೊಟ್ಟಿನ ಜಮೀನುಗಳ ಒತ್ತುವರಿ ತೆರವು ಮಾಡಿ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ.

ಹಬ್ಬಕ್ಕೆ ಊರಿಗೆ ಹೋಗುವ ನಾವು ಗ್ರಾಮಸಭೆಗೂ ಹೋಗೋಣ. ತೋಪಿನ ಸರ್ವೆ ನಂಬರ್ ಕೇಳಿ, ಹದ್ದುಬಸ್ತು ಮಾಡಿಸಿ, ಫಸಲಿನ ಹರಾಜು ಹಣದಲ್ಲಿ ಸಸಿಗೂ ಕಾವಲಿಗೂ ಎಷ್ಟೆಂದು ನಡಾವಳಿಯಲ್ಲಿ ಬರೆಸೋಣ.