ಸಿ. ಇ. ಟಿ. ಮತ್ತು ಕಾಲದ ಲೆಕ್ಕ

ಪರೀಕ್ಷೆಯ ದಿನಗಳಲ್ಲಿ ಅತ್ತಿಗುಪ್ಪೆಯ ಮನೆಮನೆಗಳಲ್ಲಿಯೂ ಸಿ. ಇ. ಟಿ.ಯ ಮಾತೇ ಮಾತು. ವಿಷಯವೊಂದಕ್ಕೆ 60 ಪ್ರಶ್ನೆ, 80 ನಿಮಿಷ. ಎಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ವೃತ್ತಗಳಿಗೆ ಮಸಿ ತುಂಬುವುದೂ ಇದರಲ್ಲಿಯೇ ಆಗಬೇಕು. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲವಾದುದರಿಂದ, ಬಾರದುದನ್ನು ಬಿಟ್ಟು ಮುಂದೆ ಸಾಗಿ, ಕಡೆಗೆ ಒಂದನ್ನೂ ಖಾಲಿ ಬಿಡದಿರುವುದೇ ಜಾಣತನ. ಇದು ಹುಡುಗರು ಬಲ್ಲ ಮಾತೇ ಸರಿ. ನಾವು ಹೇಳಬೇಕಾದುದು ಅಧಿಕಾರಿಗಳಿಗೆ. 2024ರಲ್ಲಿ ಪಠ್ಯದಾಚೆಯ ಪ್ರಶ್ನೆಗಳು ಬಂದು ಗದ್ದಲವಾಗಲು, 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಲಾಯಿತು. ಅಂಕದ ಅನ್ಯಾಯವು ಇದರಿಂದ ಕಳೆದೀತು, ಕಾಲದ ಅನ್ಯಾಯವೋ? ಓದದ ಪಾಠದ ಪ್ರಶ್ನೆಯೆದುರು ಬೆವರಿದ ನಿಮಿಷಗಳನ್ನು ಹಿಂದಿರುಗಿಸಿದವರಾರು? ಕೂಡಲೇ ಕೈಬಿಟ್ಟವನು ಗೆದ್ದನು, ಶ್ರದ್ಧೆಯಿಂದ ತಿಣುಕಿದವನು ಸೋತನು. ಪರೀಕ್ಷಾ ಪ್ರಾಧಿಕಾರದವರು ಪ್ರಶ್ನೆಪತ್ರಿಕೆಯನ್ನು ಅಚ್ಚಿಗೆ ಕೊಡುವ ಮೊದಲೇ ಪಠ್ಯದೊಡನೆ ಒಂದೊಂದಾಗಿ ತಾಳೆನೋಡತಕ್ಕದ್ದು.