ಒಂಬತ್ತನೆಯ ಮನೆಯಲ್ಲಿ ಹುಲಿ

ಗೆರೆ ಎಳೆದು ಯೋಚಿಸುವುದು, ಸಂಕೇತಗಳನ್ನು ಓದುವುದು, ಆ ಓದಿನ ಒಂದು ಪಾಲನ್ನು ಕಂಪ್ಯೂಟರಿಗೆ ಒಪ್ಪಿಸುವುದು: ಈ ಮೂರರ ಸುತ್ತ ಈ ಸಂಚಿಕೆಯನ್ನು ಕಟ್ಟಿದ್ದೇವೆ. ವಿಷಯ ಕೇಳಿದ ಕೂಡಲೇ ಇದು ದೂರದ ದೇಶದ ಪಂಡಿತರ ವ್ಯವಹಾರ ಎಂದು ಅನ್ನಿಸಬಹುದು. ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಮಾತ್ರ ಶಂಕರಘಟ್ಟದ ಮಗ್ಗುಲಲ್ಲೇ ಇದೆ. ಕುವೆಂಪು ವಿಶ್ವವಿದ್ಯಾಲಯದ ಜ್ಞಾನ ಸಹ್ಯಾದ್ರಿಯಿಂದ ಬಿ.ಆರ್. ಪ್ರಾಜೆಕ್ಟ್, ಲಕ್ಕವಳ್ಳಿಯ ಕಡೆ ಹೊರಟರೆ ಹಿನ್ನೀರಿನ ಆಚೆ ಭದ್ರಾ ಕಾಡು. 1974ರಲ್ಲಿ ಭದ್ರಾ ಅಭಯಾರಣ್ಯವೆಂಬ ಹೆಸರು ಪಡೆದ ಆ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಅಲ್ಲಿ ಎಷ್ಟು ಹುಲಿಗಳಿವೆ? ಹುಲಿ ಎದುರಿಗೆ ಬಂದು ನಿಂತು ಎಣಿಸಿಕೊಳ್ಳುವ ಪ್ರಾಣಿಯಲ್ಲ. ಅದು ಬಿಟ್ಟುಹೋದ ಗುರುತಿನಿಂದಲೇ ಅದನ್ನು ತಿಳಿಯಬೇಕು.

1960ರ ದಶಕದಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ ರೂಪಿಸಿದ ಹೆಜ್ಜೆಗುರುತಿನ ಗಣತಿ ಮುಂದೆ ದೇಶದ ಕಾಡುಗಳಿಗೆಲ್ಲ ಹರಡಿತು. ಗಾರ್ಡುಗಳು, ವಾಚರುಗಳು ಕಾಡುದಾರಿಯಲ್ಲಿ ನಡೆದು, ಹಿಂಗಾಲಿನ ಗುರುತು ಸಿಕ್ಕ ಕಡೆ ಮೇಲೆ ಗಾಜು ಹಿಡಿದು ಅದರ ಅಂಚನ್ನು ಬರೆದುಕೊಳ್ಳುತ್ತಿದ್ದರು. ಆಮೇಲೆ ಅಧಿಕಾರಿಗಳು ಆ ಚಿತ್ರಗಳನ್ನು ಹರಡಿಕೊಂಡು ಕೂತು, ಆಕಾರ ಬೇರೆಯಾದರೆ ಹುಲಿ ಬೇರೆ ಎಂದು ವಿಂಗಡಿಸುತ್ತಿದ್ದರು. ಬಿಸಿಲು ಮಳೆಯಲ್ಲಿ ನಡೆದವರ ಶ್ರಮದಲ್ಲಿ ಕೊರತೆಯಿರಲಿಲ್ಲ. ದೋಷವಿದ್ದದ್ದು ‘ಆಕಾರ ಬೇರೆಯಾದರೆ ಹುಲಿ ಬೇರೆ’ ಎಂಬ ಆ ಒಂದು ವಾಕ್ಯದಲ್ಲಿ. ಅದು ಯಾಕೆ ತಪ್ಪು ಎಂದು ತೋರಿಸಲು ನಮ್ಮ ನಾಡಿನ ತಾರ್ಕಿಕರ ಬಳಿ ಒಂದೂವರೆ ಸಾವಿರ ವರ್ಷಗಳಿಂದ ಒಂದು ಚಿತ್ರ ಇತ್ತು.

ಬೌದ್ಧ ತಾರ್ಕಿಕ ದಿಙ್ನಾಗನ ಹೇತುಚಕ್ರ ಆ ಚಿತ್ರ. ಸಂಸ್ಕೃತ ಮೂಲ ಕಳೆದುಹೋಗಿ ಟಿಬೆಟನ್ ಅನುವಾದದಲ್ಲಿ ಉಳಿದ ಪುಟ್ಟ ಕೃತಿ. ಹೆಸರು ಚಕ್ರವಾದರೂ ಒಳಗಿರುವುದು ಮೂರಕ್ಕೆ ಮೂರು, ಒಟ್ಟು ಒಂಬತ್ತು ಮನೆಗಳು. ನೀವು ಕೊಡುವ ಕಾರಣ ಸಪಕ್ಷದಲ್ಲಿ, ಅಂದರೆ ಸಾಧಿಸಬೇಕಾದ ಗುಣ ಇದೆಯೆಂದು ಮೊದಲೇ ಗೊತ್ತಿರುವ ಉದಾಹರಣೆಗಳಲ್ಲಿ, ಎಲ್ಲದರಲ್ಲೂ ಇರಬಹುದು, ಯಾವುದರಲ್ಲೂ ಇಲ್ಲದಿರಬಹುದು, ಕೆಲವುಗಳಲ್ಲಿ ಇರಬಹುದು. ವಿಪಕ್ಷದಲ್ಲೂ, ಅಂದರೆ ಆ ಗುಣ ಇಲ್ಲವೆಂದು ಗೊತ್ತಿರುವ ಕಡೆಗಳಲ್ಲೂ, ಹೀಗೆಯೇ ಮೂರು ಬಗೆ. ಸಪಕ್ಷದ ಒಂದೊಂದು ಬಗೆಗೂ ವಿಪಕ್ಷದ ಮೂರನ್ನೂ ಇದೇ ಕ್ರಮದಲ್ಲಿ ಸೇರಿಸಿ ಎಣಿಸಿದ ಒಂಬತ್ತರಲ್ಲಿ ಸರಿಯಾದ ಮನೆಗಳು ಎರಡೇ, ಎರಡನೆಯದು ಮತ್ತು ಎಂಟನೆಯದು. ಎರಡರಲ್ಲೂ ಕಾರಣ ವಿಪಕ್ಷದಲ್ಲಿ ಕಾಲಿಡುವುದಿಲ್ಲ. ಇನ್ನೆರಡು ಮನೆಗಳಲ್ಲಿ ಕಾರಣ ಉಲ್ಟಾ ಹೊಡೆಯುತ್ತದೆ, ಉಳಿದ ಐದರಲ್ಲಿ ಏನನ್ನೂ ನಿರ್ಣಯಿಸುವುದಿಲ್ಲ. ಬೆಟ್ಟದ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಯಾಕೆ ಸರಿ ಎಂದು ಕೇಳಿದರೆ ಈ ಚಕ್ರ ಕೊಡುವ ಉತ್ತರ: ಕೆರೆಯ ನೀರಿನಲ್ಲಿ ಹೊಗೆ ಏಳುವುದಿಲ್ಲ.

ಇದರೊಳಗೆ ಹುಲಿಯನ್ನು ಕೂರಿಸಿ ನೋಡಿ. ಪಕ್ಷ, ಅಂದರೆ ಚರ್ಚೆಯ ವಸ್ತು: ಕಾಡಿನಲ್ಲಿ ಸಿಕ್ಕ ಎರಡು ಹೆಜ್ಜೆಗುರುತುಗಳು. ಸಾಧ್ಯ, ಅಂದರೆ ಸಾಧಿಸಬೇಕಾದದ್ದು: ಇವು ಬೇರೆ ಬೇರೆ ಹುಲಿಗಳವು. ಹೇತು, ಅಂದರೆ ಕಾರಣ: ಆಕಾರ ಬೇರೆ. ಬೇರೆ ಹುಲಿಗಳದೆಂದು ಮೊದಲೇ ಗೊತ್ತಿರುವ ಗುರುತುಗಳಲ್ಲಿ ಆಕಾರ ಹಲವು ಸಲ ಬೇರೆಯಾಗಿರುತ್ತದೆ, ಕೆಲವೊಮ್ಮೆ ಒಂದೇ ಥರ ಇರುತ್ತದೆ. ಇನ್ನು ವಿಪಕ್ಷ. ಒಂದೇ ಹುಲಿ ಕೆಸರಿನಲ್ಲಿ ಊರಿದ ಕಾಲು, ದೂಳಿನಲ್ಲಿ ಊರಿದ ಕಾಲು, ಇಳಿಜಾರಿನಲ್ಲಿ ಓಡುತ್ತಾ ಊರಿದ ಕಾಲು, ಮೂರೂ ಬೇರೆ ಕಾಣುತ್ತವೆ. ಅಲ್ಲೂ ‘ಕೆಲವು’, ಇಲ್ಲೂ ‘ಕೆಲವು’. ನಮ್ಮ ಹುಲಿ ಒಂಬತ್ತನೆಯ ಮನೆಯಲ್ಲಿದೆ. ನ್ಯಾಯದರ್ಶನದ ನೈಯಾಯಿಕರಾದರೆ ಇಂಥ ಹೇತುವನ್ನು ಸವ್ಯಭಿಚಾರ, ಅಂದರೆ ಎರಡೂ ಕಡೆ ಅಲೆಯುವ ಕಾರಣ, ಎಂದು ಬದಿಗಿಡುತ್ತಿದ್ದರು.

ಈ ದೋಷವನ್ನು ಪ್ರಯೋಗದಿಂದಲೇ ಎತ್ತಿ ತೋರಿಸಿದವರಲ್ಲಿ ಮುಖ್ಯರು ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತ. ಶಿವರಾಮ ಕಾರಂತರ ಮಗ, ಓದಿದ್ದು ಎಂಜಿನಿಯರಿಂಗ್. ಸಾಕಿದ ಹುಲಿಗಳ ಹೆಜ್ಜೆಗುರುತುಗಳನ್ನು ಅವರು ಅನುಭವಿ ಅಧಿಕಾರಿಗಳ ಮುಂದಿಟ್ಟರು. ಹುಲಿಗಳೆಷ್ಟು ಎಂಬುದು ಪರೀಕ್ಷಿಸುವವರಿಗೆ ಗೊತ್ತಿತ್ತು. ಗುರುತು ಓದಿದವರು ಇದ್ದುದಕ್ಕಿಂತ ಹೆಚ್ಚು ಹುಲಿಗಳನ್ನು ಕಂಡರು. ದಿಙ್ನಾಗನ ಮಾತಿನಲ್ಲಿ ಹೇಳುವುದಾದರೆ ಇದು ವಿಪಕ್ಷವನ್ನೇ ಬೇಕೆಂದು ಹುಡುಕಿ ತಂದು ನಿಲ್ಲಿಸುವ ಪ್ರಯೋಗ. ವಿಜ್ಞಾನದಲ್ಲಿ ನನಗೆ ಇದಕ್ಕಿಂತ ಗೌರವ ಹುಟ್ಟಿಸುವ ನಡೆ ಇನ್ನೊಂದಿಲ್ಲ. ಆದರೂ ಗಣತಿ ಹಾಗೇ ನಡೆದುಕೊಂಡು ಬಂತು. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ, ಕಾಗದದ ಮೇಲೆ ಹುಲಿಗಳಿದ್ದ ಕಾಡಿನಲ್ಲಿ, ಒಂದು ಹುಲಿಯೂ ಉಳಿದಿಲ್ಲ ಎಂಬುದು ಬಯಲಾಯಿತು. ಆಮೇಲಷ್ಟೇ ಹಳೆಯ ವಿಧಾನ ಬದಿಗೆ ಸರಿದು, 2006ರ ಗಣತಿ ಹೊಸ ಕ್ರಮದಲ್ಲಿ ನಡೆದು ದೇಶದಲ್ಲಿ 1,411 ಹುಲಿಗಳೆಂಬ ಅಂದಾಜು ಬಂತು.

ಕಾರಂತರು ನಾಗರಹೊಳೆಯಲ್ಲಿ ಹಿಡಿದ ದಾರಿ ಬೇರೆ ಗುರುತಿನದು, ಮೈಮೇಲಿನ ಪಟ್ಟೆಯದು. ಕಾಡುದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ, ಯಾಕೆಂದರೆ ಹುಲಿಯ ಎಡಮಗ್ಗುಲಿನ ಪಟ್ಟೆಗೂ ಬಲಮಗ್ಗುಲಿನದಕ್ಕೂ ಹೊಂದಿಕೆಯಿಲ್ಲ. ಒಂದೇ ಮಗ್ಗುಲಿನ ಪಟ್ಟೆ ಎರಡು ಚಿತ್ರಗಳಲ್ಲಿ ಬೇರೆಯಾದರೆ ಹುಲಿಯೂ ಬೇರೆ. ಮರಿಯಿಂದ ಮುಪ್ಪಿನವರೆಗೆ ಪಟ್ಟೆಯ ವಿನ್ಯಾಸ ಬದಲಾಗದು. ಹೇತು ಎರಡನೆಯ ಮನೆಗೆ ಬಂತು.

ಅಮೆರಿಕದ ತಾರ್ಕಿಕ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914) ಇದನ್ನು ಕಂಡಿದ್ದರೆ ಕೂತಲ್ಲೇ ಒಂದು ಸುತ್ತು ಎಳೆಯುತ್ತಿದ್ದ. ಕರಾವಳಿ ಸರ್ವೇ ಇಲಾಖೆಯಲ್ಲಿ ಸುಮಾರು ಮೂವತ್ತು ವರ್ಷ ದುಡಿದು, ಲೋಲಕ ತೂಗಿಸಿ ಗುರುತ್ವವನ್ನು ಅಳೆದವನು, ಹಾಗಾಗಿ ಅಳತೆಯ ತಪ್ಪುಗಳ ನಡುವೆಯೇ ಅವನ ತರ್ಕ ಬೆಳೆಯಿತು. ವಸ್ತುವಿನ ಸ್ಪರ್ಶದಿಂದ ಹುಟ್ಟುವ ಗುರುತು, ವಸ್ತುವನ್ನು ಹೋಲುವ ಗುರುತು, ಒಪ್ಪಂದದಿಂದ ನಿಲ್ಲುವ ಗುರುತು ಎಂದು ಅವನು ಬೇರ್ಪಡಿಸಿದ. ಹೆಜ್ಜೆ ಮೊದಲನೆಯದು. ಫೋಟೋದಲ್ಲಿ ಮೊದಲೆರಡೂ ಸೇರಿವೆ. ಸಂಶೋಧಕರು ಹುಲಿಗೆ ಕೊಡುವ ಸಂಖ್ಯೆ ಮೂರನೆಯದು.

1896ರ ಸುಮಾರಿಗೆ ಅವನು ಕಂಡುಕೊಂಡ ಚಿತ್ರತರ್ಕ ಸೀಮೆಸುಣ್ಣ ಹಿಡಿದ ಯಾರಿಗೂ ಎಟಕುತ್ತದೆ. ಹಲಗೆಯ ಮೇಲೆ ಬರೆದದ್ದೆಲ್ಲ ನಿಜ. ಸುತ್ತು ಹಾಕಿದರೆ ಒಳಗಿನದು ನಿಜವಲ್ಲ. ಒಂದು ಸುತ್ತಿನೊಳಗೆ ‘ಗುರುತು ಬೇರೆ’ ಎಂದು ಬರೆದು, ಅದೇ ಸುತ್ತಿನೊಳಗೆ ಇನ್ನೊಂದು ಸುತ್ತು ಹಾಕಿ ಅದರಲ್ಲಿ ‘ಹುಲಿ ಬೇರೆ’ ಎಂದು ಬರೆಯಿರಿ. ‘ಗುರುತು ಬೇರೆಯಾಗಿದ್ದೂ ಹುಲಿ ಬೇರೆಯಲ್ಲದಿರುವುದು ಇಲ್ಲ’ ಎಂದಾಯಿತು. ಹಳೆಯ ಗಣತಿ ಸಂಗ್ರಹವಾಗಿ ಇಷ್ಟೇ. ಈಗ ಪಕ್ಕದಲ್ಲಿ, ಹೊರಗೆ, ಸಾಕಿದ ಒಂದು ಹುಲಿಯ ಎರಡು ಹೆಜ್ಜೆಗಳ ವರದಿ ಬರೆಯಿರಿ: ‘ಗುರುತು ಬೇರೆ’, ಮತ್ತು ಸುತ್ತಿನೊಳಗೆ ‘ಹುಲಿ ಬೇರೆ’. ಪರ್ಸ್‌ನ ನಿಯಮದಂತೆ ಹೊರಗೆ ಇರುವುದು ಒಳಗೂ ಇದ್ದರೆ ಒಳಗಿನದನ್ನು ಅಳಿಸಬಹುದು. ಗಣತಿಯ ಸುತ್ತಿನೊಳಗಿನ ಎರಡನ್ನೂ ಅಳಿಸಿ. ಅಲ್ಲಿ ಉಳಿಯುವುದು ಬರಿದಾದ ಒಂದು ಸುತ್ತು, ಅಂದರೆ ವಿರೋಧ. ಸೂತ್ರಗಳ ಸಾಲಿನಲ್ಲಿ ತಲೆ ತಿನ್ನುವ ಸಂಗತಿ ಇಲ್ಲಿ ಕಣ್ಣಿಗೆ ಕಾಣುತ್ತದೆ. ನಮ್ಮ ಕಾಲೇಜುಗಳಲ್ಲಿ ತರ್ಕ ಕಲಿಸುವವರು ಇದನ್ನು ಕನ್ನಡದಲ್ಲಿ, ಕರಿಹಲಗೆಯ ಮೇಲೆ, ಮೊದಲ ವಾರದಲ್ಲೇ ಮಾಡಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದೇ ಪರ್ಸ್ 1886ರಲ್ಲಿ ತನ್ನ ಹಳೆಯ ಶಿಷ್ಯ ಅಲನ್ ಮಾರ್ಕ್ವಾಂಡ್‌ಗೆ ಪತ್ರ ಬರೆದು, ವಿದ್ಯುತ್ ಸ್ವಿಚ್ಚುಗಳನ್ನು ಜೋಡಿಸಿ ತರ್ಕ ಮಾಡಿಸಬಹುದೆಂದು ಸೂಚಿಸಿದ. ಸ್ವಿಚ್ಚುಗಳ ತರ್ಕದ ಮೇಲಿನ ಕ್ಲಾಡ್ ಶಾನನ್ನನ ಪ್ರಬಂಧ ಬಂದದ್ದು 1937ರಲ್ಲಿ. ಅಂಥ ಸ್ವಿಚ್ಚುಗಳಿಂದಾದ ಕಂಪ್ಯೂಟರಿನಲ್ಲಿ ಇವತ್ತು ಹುಲಿಯ ಪಟ್ಟೆಗಳನ್ನು ಹೋಲಿಸುವ ತಂತ್ರಾಂಶವಿದೆ. ಲೆಕ್ಸ್ ಹೈಬಿ, ಕಾರಂತ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಹುಲಿಯ ಮೈಯ ಮೂರು ಆಯಾಮದ ಮಾದರಿಯನ್ನು ಚಿತ್ರಕ್ಕೆ ಹೊಂದಿಸಿ, ಬಾಗಿದ ಮೈ, ಓರೆ ಕೋನಗಳನ್ನು ಸರಿಪಡಿಸಿ ಪಟ್ಟೆಗಳನ್ನು ಹೋಲಿಸುತ್ತಾರೆ. ಕಳ್ಳಬೇಟೆಗಾರರಿಂದ ವಶಪಡಿಸಿಕೊಂಡ ಚರ್ಮವನ್ನು ಕೂಡ ಹಿಂದೆಂದೋ ತೆಗೆದ ಜೀವಂತ ಹುಲಿಯ ಚಿತ್ರದೊಡನೆ ಹೊಂದಿಸಿ, ಅದು ಯಾವ ಕಾಡಿನದೆಂದು ಹೇಳಬಹುದು. ಯಂತ್ರ ಹೋಲುವ ಚಿತ್ರಗಳನ್ನು ಮುಂದೆ ತಂದಿಡುತ್ತದೆ, ‘ಹೌದು, ಇದೇ’ ಎನ್ನುವುದು ಕೊನೆಗೆ ಮನುಷ್ಯನ ಕಣ್ಣು. ಕಾಣದ ಹುಲಿಗಳ ಲೆಕ್ಕವೂ ಇಲ್ಲಿಂದಲೇ. ಕ್ಯಾಮೆರಾ ಕಟ್ಟಿದ ಮೊದಲ ಸುತ್ತಿನಲ್ಲಿ 20 ಹುಲಿ, ಎರಡನೆಯದರಲ್ಲಿ 20, ಅವುಗಳಲ್ಲಿ 10 ಹಳೆಯವೇ ಎಂದಿಟ್ಟುಕೊಳ್ಳಿ. ಎರಡನೆಯ ಸುತ್ತಿನ ಅರ್ಧ ಹಳೆಯವಾದರೆ, ಮೊದಲು ಸಿಕ್ಕ 20 ಒಟ್ಟಿನ ಅರ್ಧ. ಕಾಡಿನಲ್ಲಿ ಸುಮಾರು 40 ಹುಲಿ.

ಪಟ್ಟೆಯಿಲ್ಲದ ಪ್ರಾಣಿಯ ಗತಿಯೇನು? ಭದ್ರಾ ಕಾಡಿನಲ್ಲಿ ಆನೆಗಳೂ ಇವೆ. ಕಿವಿಯ ಅಂಚಿನ ಹರಕು, ದಂತದ ಬಾಗು, ಬಾಲದ ಕೂದಲು ನೋಡಿ ಆನೆ ಗುರುತಿಸುವುದುಂಟು. ಆದರೆ ಕಿವಿ ಹೊಸದಾಗಿ ಹರಿಯುತ್ತದೆ. ಐದು ವರ್ಷದ ಅಂತರದ ಎರಡು ಚಿತ್ರಗಳಲ್ಲಿ ಅದೇ ಆನೆ ಬೇರೆ ಕಾಣಬಹುದು, ಹೇತು ಒಂಬತ್ತನೆಯ ಮನೆಗೆ ಜಾರುತ್ತದೆ. ಒಂದೇ ಋತುವಿನ ಚಿತ್ರಗಳಾದರೆ ಎಂಟನೆಯ ಮನೆಯಲ್ಲೇ ನಿಂತೀತೇ? ಇದನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ, ತುಂಗೆಯ ಹಿನ್ನೀರಿನ ದಂಡೆಗೆ, ಸಕ್ರೆಬೈಲು ಬಿಡಾರವಿದೆ. ಅಲ್ಲಿ ಪ್ರತಿ ಆನೆಗೂ ಹೆಸರಿದೆ. ಮಾವುತರಿಗೆ, ಕಾವಾಡಿಗರಿಗೆ ಅವುಗಳ ಒಂದೊಂದು ಗಾಯದ ಕತೆಯೂ ಗೊತ್ತಿರುತ್ತದೆ. ಸಪಕ್ಷ, ವಿಪಕ್ಷ ಎರಡೂ ಅಲ್ಲಿ ಸಿದ್ಧವಾಗಿವೆ. ಶಂಕರಘಟ್ಟದ ಕನ್ನಡ, ಪ್ರಾಣಿವಿಜ್ಞಾನ, ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಇಲಾಖೆಯ ಅನುಮತಿ ಪಡೆದು, ಮಾವುತರ ಜೊತೆ ಕೂತು, ಋತುವಿಗೊಮ್ಮೆ ಆನೆಗಳ ಕಿವಿಯ ಚಿತ್ರ ತೆಗೆದು ಒಂಬತ್ತು ಮನೆಗಳನ್ನು ತುಂಬಿಸಲಿ. ಬರಹವನ್ನು ಚಿತ್ರಗಳ ಸಮೇತ ಕಳಿಸಲಿ. ಮುಂದಿನ ಸಂಚಿಕೆಗಳಲ್ಲಿ ಅದಕ್ಕೆ ಪುಟ ಕಾದಿಡುತ್ತೇವೆ.