ದತ್ತಸಂಚಯ ಕಲಿಯುವವರಿಗೆ ದಾಖಲಾತಿ ಪುಸ್ತಕದ ಪಾಠ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ಮಕ್ಕಳು ಈಗ ತಂತ್ರಾಂಶದ ಉದ್ಯೋಗಕ್ಕೆ ಕಾಲಿಡುತ್ತಿದ್ದಾರೆ. ಮನೆಗೆ ಬಂದಾಗ ಅವರಲ್ಲಿ ಕೆಲವರು ಆಡುವ ಮಾತೊಂದು ನನ್ನನ್ನು ಚಿಂತೆಗೆ ಹಚ್ಚಿದೆ. "ತಾತ, ಡೇಟಾಬೇಸಿನ ಭಾಷೆಯನ್ನು ಈಗ ಯಾರು ಕುಳಿತು ಕಲಿಯುತ್ತಾರೆ? ಕೇಳಿದರೆ ಕೃತಕ ಬುದ್ಧಿಮತ್ತೆಯೇ ಬರೆದುಕೊಡುತ್ತದೆ" ಎನ್ನುತ್ತಾರೆ. 34 ವರ್ಷ ಗಣಿತ ಕಲಿಸಿ, ನಿವೃತ್ತಿಯ ಬಳಿಕ ಮೊಮ್ಮಗಳ ಪುಸ್ತಕ ಹಿಡಿದು ಈ ವಿದ್ಯೆಯನ್ನು ತಕ್ಕಮಟ್ಟಿಗೆ ಅಭ್ಯಾಸ ಮಾಡಿರುವ ನನಗೆ ಈ ಮಾತು ಸಮ್ಮತವಲ್ಲ. ಬರೆಯುವ ಶ್ರಮವನ್ನು ಯಂತ್ರಕ್ಕೆ ಬಿಡಬಹುದು. ಬರೆದದ್ದು ಸರಿಯೇ ಎಂದು ನೋಡುವ ಹೊಣೆಯನ್ನು ಬಿಡಲಾಗದು.

ಈ ವಿದ್ಯೆಯ ಮೂಲಪುರುಷ ಎಡ್ಗರ್ ಕಾಡ್. ಐಬಿಎಂ ಸಂಸ್ಥೆಯಲ್ಲಿದ್ದ ಈತ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಾಹಿತಿಯನ್ನೆಲ್ಲ ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಕಾಣಬೇಕೆಂದು ಪ್ರತಿಪಾದಿಸಿದ. ಅದಕ್ಕೆ ಮೊದಲು ಮಾಹಿತಿಯನ್ನು ಯಾವ ಹಾದಿಯಲ್ಲಿ ಹೋಗಿ ಹುಡುಕಬೇಕೆಂಬುದನ್ನೂ ಕ್ರಮವಿಧಿ ಬರೆಯುವವನೇ ತಿಳಿದಿರಬೇಕಾಗಿತ್ತು. 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ಮಂಡಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್. ಹೇಗೆ ಹುಡುಕಬೇಕೆಂದು ಹೇಳದೆ ಏನು ಬೇಕೆಂದು ಮಾತ್ರ ಹೇಳುವುದು ಅದರ ವೈಶಿಷ್ಟ್ಯ. ಅರ್ಧ ಶತಮಾನ ಕಳೆದರೂ ಅದು ಬಳಕೆಯಲ್ಲಿದೆ.

ಕಾಡ್‌ನ ವಿಚಾರ ನಮ್ಮ ಶಾಲೆಯ ಕಪಾಟಿನಲ್ಲೂ ಇತ್ತು. ದಾಖಲಾತಿ ಪುಸ್ತಕದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೂ, ಇಬ್ಬರ ತಂದೆಯ ಹೆಸರೂ ಒಂದೇ ಆಗಿದ್ದರೂ, ಆ ಸಂಖ್ಯೆ ಬೇರೆ. ಇದನ್ನೇ ನೀವು ಪ್ರೈಮರಿ ಕೀ ಎನ್ನುತ್ತೀರಿ. ವಿಳಾಸ ಒಂದೇ ಕಡೆ ಇರಬೇಕು. ಅಂಕಗಳ ಪುಸ್ತಕದಲ್ಲೂ ಶುಲ್ಕದ ಪುಸ್ತಕದಲ್ಲೂ ಅದನ್ನು ನಕಲು ಮಾಡಿದರೆ, ಮಗು ಮನೆ ಬದಲಿಸಿದ ದಿನ ಮೂರರಲ್ಲಿ ಒಂದಾದರೂ ಸುಳ್ಳು ಹೇಳತೊಡಗುತ್ತದೆ. ನಾರ್ಮಲೈಸೇಶನ್ ಎಂಬ ಭಾರವಾದ ಹೆಸರಿನ ಹಿಂದಿರುವ ವಿವೇಕ ಇಷ್ಟೇ.

ಇನ್ನು ಯಂತ್ರದ ಮೇಲೆ ಪೂರ್ತಿ ಭಾರ ಹಾಕಿದರೆ ಆಗುವುದನ್ನು ನೋಡೋಣ. ಒಬ್ಬ ವಿದ್ಯಾರ್ಥಿ 500 ರೂಪಾಯಿಯ ಎರಡು ಕಂತುಗಳಲ್ಲಿ ಶುಲ್ಕ ಕಟ್ಟಿದ್ದಾನೆ. ಗ್ರಂಥಾಲಯದಿಂದ ಮೂರು ಪುಸ್ತಕ ಪಡೆದಿದ್ದಾನೆ. ವಿದ್ಯಾರ್ಥಿಯ ಸಂಖ್ಯೆಯೊಂದನ್ನೇ ಆಧರಿಸಿ ಶುಲ್ಕ, ಪುಸ್ತಕ ಎರಡೂ ಕೋಷ್ಟಕಗಳನ್ನು ಜೋಡಿಸಿ ಶುಲ್ಕದ ಮೊತ್ತ ಕೇಳಿದರೆ ಆರು ಸಾಲುಗಳಾಗಿ 3000 ರೂಪಾಯಿ ಎಂಬ ಉತ್ತರ ಬರುತ್ತದೆ. ಕಟ್ಟಿದ್ದು 1000 ಮಾತ್ರ! ಗಣಕವು ಯಾವ ದೋಷವನ್ನೂ ತೋರಿಸುವುದಿಲ್ಲ, ಏಕೆಂದರೆ ಕೇಳಿದ್ದಕ್ಕೆ ಅದು ಪ್ರಾಮಾಣಿಕವಾಗಿಯೇ ಉತ್ತರಿಸಿದೆ. ಕೇಳಿದ ಪ್ರಶ್ನೆಯೇ ತಪ್ಪೆಂದು ಗುರುತಿಸಲು ಕಲಿತ ಕಣ್ಣು ಬೇಕು.

ಶೂನ್ಯಕ್ಕೂ ಇಲ್ಲದಿರುವಿಕೆಗೂ ಇರುವ ಭೇದವೂ ಹೀಗೆಯೇ. ಮೂವರು 60, 70, 80 ಅಂಕ ಪಡೆದಿದ್ದಾರೆ, ನಾಲ್ಕನೆಯವಳು ಜ್ವರದಿಂದ ಪರೀಕ್ಷೆಗೆ ಬಂದಿಲ್ಲ ಎನ್ನಿ. ಆಕೆಯ ಅಂಕವನ್ನು ನಲ್ ಎಂದು ಬಿಟ್ಟರೆ ಸರಾಸರಿ 70. ಸೊನ್ನೆ ಎಂದು ತುಂಬಿದರೆ 52.5. ಆ ಮಗುವನ್ನು ಗೈರುಹಾಜರಿ ಎನ್ನಬೇಕೋ ದಡ್ಡಿ ಎನ್ನಬೇಕೋ ಎಂಬುದು ಮನುಷ್ಯನ ವಿವೇಚನೆಗೆ ಸೇರಿದ್ದು.

ಹೆಸರಿನ ಕಂಬಸಾಲುಗಳನ್ನು ನೋಡಿ. ಪರದೇಶದ ಪುಸ್ತಕದ ಮಾದರಿಯನ್ನು ಅನುಸರಿಸಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಂಬಸಾಲು ಮಾಡಿ ಎರಡನ್ನೂ ಕಡ್ಡಾಯಗೊಳಿಸುತ್ತಾರೆ. ನಮ್ಮಲ್ಲಿ ಅನೇಕರಿಗೆ ಇರುವುದು ಊರಿನ, ತಂದೆಯ ಇನಿಷಿಯಲ್ಲು ಮತ್ತು ಒಂದು ಹೆಸರು ಮಾತ್ರ. ನಾನು ಬಲ್ಲ ವೃದ್ಧೆಯೊಬ್ಬರ ಇನಿಷಿಯಲ್ ಒಂದು ದಾಖಲೆಯಲ್ಲಿ ಹೆಸರಿನ ಮುಂಚೆ, ಇನ್ನೊಂದರಲ್ಲಿ ಹೆಸರಿನ ನಂತರ, ಮತ್ತೊಂದರಲ್ಲಿ ಬಿಡಿಸಿ ಬರೆದ ರೂಪದಲ್ಲಿತ್ತು. ಮೂರೂ ತಾಳೆಯಾಗಲಿಲ್ಲವೆಂದು ಅವರ ಪಿಂಚಣಿ ನಾಲ್ಕು ತಿಂಗಳು ನಿಂತುಹೋಯಿತು. ಔಷಧಿಯ ಹಣಕ್ಕೂ ಅವರು ಪರರ ಮುಂದೆ ಕೈಚಾಚಬೇಕಾಯಿತು. ಆ ಕೋಷ್ಟಕವನ್ನು ರಚಿಸಿದವರು ಇದನ್ನು ಎಂದೂ ಅರಿಯಲಾರರು. ಕ್ರಮವಿಧಿಗಳು ಕೆಲವು ವರ್ಷಗಳಲ್ಲಿ ಬದಲಾಗುತ್ತವೆ. ದತ್ತಾಂಶವೋ ಮನುಷ್ಯನನ್ನು ಜೀವಮಾನವಿಡೀ ಹಿಂಬಾಲಿಸುತ್ತದೆ.

ಹೊಸ ಸಾಧನಗಳನ್ನು ಬಳಸಬಾರದೆಂದು ನಾನು ಹೇಳುತ್ತಿಲ್ಲ. ಮಗ್ಗಿ ಕಲಿತ ಹುಡುಗನ ಕೈಗೆ ಕ್ಯಾಲ್ಕುಲೇಟರ್ ಕೊಡಲು ನಾನೆಂದೂ ಹಿಂಜರಿದವನಲ್ಲ. ಆದರೆ ಮಗ್ಗಿ ಮೊದಲು ಬರಲಿ. 2000ದಲ್ಲಿ ಬಿಡುಗಡೆಯಾದ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಇಡೀ ದತ್ತಸಂಚಯ ಅದರಲ್ಲಿ ಒಂದೇ ಕಡತ. ನಿಮ್ಮ ಮನೆಯ ಮುಯ್ಯಿ ಪುಸ್ತಕವನ್ನೇ ತೆಗೆದುಕೊಳ್ಳಿ. ಯಾರು, ಯಾರ ಮದುವೆಗೆ, ಎಷ್ಟು ಮುಯ್ಯಿ ಮಾಡಿದರು, ನಾವು ಎಷ್ಟನ್ನು ತೀರಿಸಿದ್ದೇವೆ ಎಂಬುದನ್ನು ಮೊದಲು ಕಾಗದದ ಮೇಲೆ ಕೋಷ್ಟಕಗಳಾಗಿ ಬರೆಯಿರಿ. ಒಂದು ಅಡ್ಡಸಾಲು ಲೋಕದ ಯಾವ ಒಂದು ಸಂಗತಿಯನ್ನು ಹೇಳುತ್ತದೆ ಎಂದು ಕೇಳಿಕೊಳ್ಳಿ. ಉತ್ತರವನ್ನು ಕೈಲೆಕ್ಕದಿಂದ ತೆಗೆದು, ಬಳಿಕ ಗಣಕದ ಉತ್ತರದೊಡನೆ ತಾಳೆ ನೋಡಿ. ಒಂದು ತಿಂಗಳು ಹೀಗೆ ಅಭ್ಯಾಸ ಮಾಡಿದವರು ಯಂತ್ರ ಬರೆದದ್ದನ್ನು ಧೈರ್ಯವಾಗಿ ತಿದ್ದಬಲ್ಲರು.

ಈ ಉದ್ಯೋಗದಲ್ಲಿ ಈಗಾಗಲೇ ನುರಿತಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಕೈಕೆಳಗೆ ಸೇರುವ ಹೊಸಬರಿಗೆ ಮೊದಲ ವಾರ ಗಣಕದೊಡನೆ ಒಂದು ಹಾಳೆ, ಒಂದು ಪೆನ್ಸಿಲ್ ಕೂಡ ಕೊಡಿ.